ಎದೆ ನೋವು ಅಂದರೆ ಯಾವ ನೋವು? ಸ್ತನದ ನೋವಿನ ಕಾರಣ ಮನೆಯಿಂದಲೇ ಹುಡುಕುವ ಬಗೆ

ನಮ್ಮ ಕಲಬುರಗಿ ಕಡೆ ಹೆಣ್ಣುಮಕ್ಕಳು "ಎದಿ ಬ್ಯಾನಿ ಆಗ್ಯಾದ್ರಿ" ಅಂತಾರೆ. ಅಷ್ಟೇ. ಆ ಒಂದು ಮಾತಿನಲ್ಲಿ ಹೃದಯವೂ ಇದೆ, ಪಕ್ಕೆಲುಬೂ ಇದೆ, ಗ್ಯಾಸೂ ಇದೆ, ಸ್ತನವೂ ಇದೆ. ಕೇಳಿದವರು ತಮಗೆ ತೋಚಿದ್ದನ್ನು ಹಿಡಿದುಕೊಳ್ಳುತ್ತಾರೆ.

ನನ್ನ ನಾದಿನಿಗೆ ಆದದ್ದು ಅದೇ. ವಯಸ್ಸು 38. ಒಂದು ಕ್ಲಿನಿಕ್‌ಗೆ ಹೋಗಿದ್ದಳು. ಡಾಕ್ಟರ್ ಗಂಡಸು, ಪಕ್ಕದಲ್ಲಿ ಮಾವ ಬೇರೆ ನಿಂತಿದ್ದರು. "ಎದಿ ಬ್ಯಾನಿ" ಅಂದಳು, ತಲೆ ಬಗ್ಗಿಸಿದಳು. ಇಸಿಜಿ ತೆಗೆದರು. "ಹಾರ್ಟ್ ಛಲೋ ಅದ, ಗ್ಯಾಸ್ ಇರಬೇಕು" ಅಂತ ಖಾಲಿ ಹೊಟ್ಟೆಗೆ ತಗೊಳ್ಳಲು ಒಂದು ಮಾತ್ರೆ ಬರೆದರು. ಎರಡು ತಿಂಗಳು ನುಂಗಿದಳು. ನೋವು ಕಡಿಮೆ ಆಗಲಿಲ್ಲ, ಜಾಸ್ತಿಯೇ ಆಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಡಾಕ್ಟರ್ ಅಲ್ಲ. ಮನೆಯ ಹೆಣ್ಣುಮಕ್ಕಳ ಜೊತೆ ದವಾಖಾನೆಯ ಬೆಂಚಿನ ಮೇಲೆ ಕೂತು, ಕೇಳಿ, ಓದಿ ತಿಳಿದುಕೊಂಡವಳು. ನನಗೆ ಗೊತ್ತಾದದ್ದು ಇಷ್ಟು: ಈ ನೋವಿನ ಕಾರಣ ಹೆಚ್ಚಾಗಿ ಎರಡು ಪ್ರಶ್ನೆಗಳಲ್ಲೇ ಸಿಗುತ್ತದೆ. ಎಲ್ಲಿ ನೋಯುತ್ತದೆ? ಯಾವಾಗ ನೋಯುತ್ತದೆ? ಸ್ಕ್ಯಾನು, ಮಾತ್ರೆ ಎಲ್ಲ ಆಮೇಲೆ.

ಕಾಯಬಾರದ ನೋವು ಯಾವುದು, ಅದನ್ನ ಮೊದಲು ನೋಡಿ

ಎದೆಯ ಮಧ್ಯೆ ಅಥವಾ ಎಡಕ್ಕೆ ಭಾರ ಇಟ್ಟಂತೆ, ಹಿಂಡಿದಂತೆ ನೋವು. ಜೊತೆಗೆ ಬೆವರು, ಉಸಿರಾಟಕ್ಕೆ ಕಷ್ಟ, ವಾಂತಿ ಬಂದಂತೆ, ಕೈಗೋ ದವಡೆಗೋ ಬೆನ್ನಿಗೋ ಎಳೆತ. ಹೀಗಿದ್ದರೆ ಈ ಬರಹ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಬಂದಾಗ ಕೆಲವೊಮ್ಮೆ ಎದೆ ನೋವು ಸಣ್ಣಗಿದ್ದು, ಸುಸ್ತು, ದಮ್ಮು, ಹೊಟ್ಟೆ ತೊಳಸೋದೇ ದೊಡ್ಡದಾಗಿರುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಇದನ್ನ ಇನ್ನೂ ನೆನಪಿಡಬೇಕು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಈಗ ಹೃದಯದ ಚಿಕಿತ್ಸೆಗೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಲೇಬೇಕು ಅಂತಿಲ್ಲ.

ಇನ್ನು ಸ್ತನದ ವಿಷಯ. ಈ ಕೆಳಗಿನ ಯಾವುದಾದರೂ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆ ವಾರದಲ್ಲೇ ತೋರಿಸಿ:

- ಸ್ತನದಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು, ಮುಟ್ಟು ಮುಗಿದ ಮೇಲೂ ಕರಗದೇ ಇರುವಂಥದ್ದು
- ಚರ್ಮ ಒಳಗೆ ಎಳೆದಂತೆ ಕುಳಿ ಬೀಳುವುದು, ಕಿತ್ತಳೆ ಸಿಪ್ಪೆಯಂತೆ ದಪ್ಪ ಆಗುವುದು
- ಮೊದಲು ನೆಟ್ಟಗಿದ್ದ ತೊಟ್ಟು ಈಗ ಒಳಗೆ ಹೋಗಿರುವುದು, ತೊಟ್ಟಿನ ಮೇಲೆ ವಾಸಿಯಾಗದ ಇಸಬು
- ತೊಟ್ಟಿನಿಂದ ರಕ್ತ, ಅಥವಾ ಒಂದೇ ಕಡೆಯಿಂದ ತಾನಾಗಿ ಸೋರುವ ನೀರು
- ಕೆಂಪು, ಬಿಸಿ, ಊತ, ಜ್ವರ (ಬಾಣಂತಿಯರಿಗಾದರೆ ಒಂದು ದಿನಕ್ಕಿಂತ ಹೆಚ್ಚು ಕಾಯಬೇಡಿ, ಕೆಳಗೆ ಬೇರೆಯಾಗಿ ಬರೆದಿದ್ದೇನೆ)

ಇಲ್ಲೇ ಒಂದು ಮಾತು. ಸ್ತನ ನೋಯಿತು ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಕ್ಯಾನ್ಸರ್. ಆದರೆ ಗಂಟಿಲ್ಲದೆ, ಬೇರೆ ಯಾವ ಬದಲಾವಣೆಯೂ ಇಲ್ಲದೆ ಬರೀ ನೋವು ಇದ್ದವರಲ್ಲಿ ಕ್ಯಾನ್ಸರ್ ಸಿಗುವುದು ತೀರಾ ಅಪರೂಪ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನಮ್ಮಲ್ಲಿ ನಡೆಯುವುದು ಉಲ್ಟಾ. ನೋವಿದ್ದವಳು ರಾತ್ರಿ ನಿದ್ದೆಗೆಡುತ್ತಾಳೆ. ಗಂಟಿದ್ದವಳು "ಬ್ಯಾನಿ ಏನೂ ಇಲ್ಲಲ್ಲ" ಅಂತ ಎಂಟು ತಿಂಗಳು ಸುಮ್ನೆ ಇರುತ್ತಾಳೆ.

ಹೆಜ್ಜೆ 1: ಒಂದು ಬೆರಳಿಟ್ಟು ತೋರಿಸಿ

ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ನೋಯುವ ಜಾಗವನ್ನು ಒಂದೇ ಬೆರಳಲ್ಲಿ ತೋರಿಸೋಕೆ ಆಗುತ್ತಾ, ಇಲ್ಲ ಇಡೀ ಅಂಗೈ ಬೇಕಾ?

ಅಂಗೈ ಬೇಕು, ಎರಡೂ ಕಡೆ ಭಾರ ಭಾರ, ಮೇಲ್ಭಾಗದಲ್ಲಿ ಕಂಕುಳ ಕಡೆಗೆ ಎಳೆತ. ಇದು ಹೆಚ್ಚಾಗಿ ಹಾರ್ಮೋನಿನ ನೋವು. ಸ್ತನದ ಅಂಗಾಂಶ ಕಂಕುಳವರೆಗೂ ಚಾಚಿಕೊಂಡಿರುತ್ತದೆ. ಅದಕ್ಕೇ ಅಲ್ಲಿ ನೋಯುವುದು, ಅದರಲ್ಲಿ ಗಾಬರಿಯಾಗುವಂಥದ್ದು ಇಲ್ಲ.

ಒಂದೇ ಬೆರಳು ಸಾಕು, ಒಂದೇ ಕಡೆ, ಎದೆಮೂಳೆಯ ಪಕ್ಕದಲ್ಲೇ ಅಥವಾ ಪಕ್ಕೆಯ ಮೇಲೆ. ಇದು ಸ್ತನದ್ದೇ ಅಲ್ಲದಿರಬಹುದು, ಅದರ ಹಿಂದಿನ ಎಲುಬು, ಸ್ನಾಯುವಿನದ್ದು. ಮೂರನೇ ಹೆಜ್ಜೆಯಲ್ಲಿ ಅದನ್ನ ಪರೀಕ್ಷೆ ಮಾಡೋಣ.

ಒಂದೇ ಕಡೆ, ಸ್ತನದ ಒಳಗೇ, ಒಂದೇ ಬಿಂದುವಿನಲ್ಲಿ ಚುಚ್ಚುತ್ತಿದೆ ಅಂದರೆ ನೀರುಗುಳ್ಳೆ (ಸ್ತನದೊಳಗೆ ನೀರು ತುಂಬಿದ ಚೀಲ, ಸಿಸ್ಟ್) ಇರಬಹುದು, ಬೇರೇನೋ ಇರಬಹುದು. ಡಾಕ್ಟರಿಗೆ ತೋರಿಸಿ.

ಚರ್ಮದ ಮೇಲೆಯೇ ಉರಿ, ಬಟ್ಟೆ ತಾಗಿದರೂ ಸಹಿಸೋಕೆ ಆಗಲ್ಲ, ಬೆನ್ನಿನಿಂದ ಮುಂದಕ್ಕೆ ಪಟ್ಟಿಯಂತೆ ಒಂದೇ ಬದಿಗೆ. ಎರಡು ಮೂರು ದಿನದಲ್ಲಿ ಚರ್ಮದ ಮೇಲೆ ನೀರು ತುಂಬಿದ ಬೊಬ್ಬೆಗಳು ಎದ್ದರೆ ಅದು ಸರ್ಪಸುತ್ತು. ಊರಲ್ಲಿ ಮಂತ್ರ ಹಾಕಿಸುತ್ತಾರೆ, ಹಾಕಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಬೊಬ್ಬೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಅದರ ಪ್ರಯೋಜನ ಹೆಚ್ಚು. ದವಾಖಾನೆಗೆ ಹೋಗೋದನ್ನ ಮುಂದಕ್ಕೆ ಹಾಕಬೇಡಿ.

ಹೆಜ್ಜೆ 2: ಹಾಲಿನ ಲೆಕ್ಕದ ಪಕ್ಕದಲ್ಲೇ ನೋವಿನ ಲೆಕ್ಕ

ಈ ಹೆಜ್ಜೆಗೆ ಪೈಸೆ ಖರ್ಚಿಲ್ಲ. ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಅಡಿಗೆ ಮನೆ ಗೋಡೆಯ ಕ್ಯಾಲೆಂಡರ್ ಇರುತ್ತಲ್ಲ, ಹಾಲಿನವನು ಬರದ ದಿನಕ್ಕೆ ಗೀಟು, ಸಿಲಿಂಡರ್ ಹಚ್ಚಿದ ದಿನಕ್ಕೆ "ಸಿ" ಬರೆಯುವ ಕ್ಯಾಲೆಂಡರ್, ಅದೇ ಸಾಕು. ಮುಟ್ಟು ಶುರುವಾದ ದಿನ ಒಂದು ಸೊನ್ನೆ ಸುತ್ತಿ. ದಿನಾ ರಾತ್ರಿ ಪಾತ್ರೆ ಮುಗಿದ ಮೇಲೆ ಮೂಲೆಯಲ್ಲಿ ಒಂದು ಅಂಕಿ ಬರೆಯಿರಿ. ನೋವಿಲ್ಲ ಅಂದರೆ 0, ತಡೆಯೋಕೆ ಆಗಲ್ಲ ಅಂದರೆ 10. ಮಾತ್ರೆ ತಗೊಂಡ ದಿನ ಅಂಕಿ ಪಕ್ಕ ಒಂದು ಚುಕ್ಕೆ. ಮನೆಯವರು ನೋಡಿದರೂ ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ. ನನ್ನ ನಾದಿನಿಯ ಕ್ಯಾಲೆಂಡರ್ ನೋಡಿ ಅವಳ ಗಂಡ ಒಂದು ದಿನ "ಏಳು ಲೀಟರ್ ಯಾಕ ತಗೊಂಡಿ?" ಅಂತ ಕೇಳಿದ್ದ.

ಎರಡು, ಸಾಧ್ಯವಾದರೆ ಮೂರು ತಿಂಗಳು ಬರೆಯಿರಿ. ಆಮೇಲೆ ದೂರ ನಿಂತು ನೋಡಿ.

ಮುಟ್ಟಿಗೆ ಒಂದು ವಾರ, ಹದಿನೈದು ದಿನ ಮೊದಲು ಅಂಕಿ ಏರುತ್ತಾ ಹೋಗಿ, ಮುಟ್ಟು ಬಂದ ಒಂದೆರಡು ದಿನಕ್ಕೆ ಇಳಿದಿದೆಯಾ? ಹಾಗಿದ್ದರೆ ಇದು ಮುಟ್ಟಿನ ಚಕ್ರದ ಜೊತೆ ಬರುವ ನೋವು. ಸ್ತನ ನೋವಿನಲ್ಲಿ ಎಲ್ಲಕ್ಕಿಂತ ಸಾಮಾನ್ಯ ಇದೇ. 20ರಿಂದ 45ರ ನಡುವಿನವರಲ್ಲಿ ಜಾಸ್ತಿ. ಪ್ರತಿ ತಿಂಗಳೂ ಬಸಿರಿಗೆ ಅಂತ ಮೈ ತಯಾರಿ ಮಾಡುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಏರಿದಾಗ ಸ್ತನದ ಗ್ರಂಥಿ, ನಾಳಗಳು ಹಿಗ್ಗುತ್ತವೆ, ನೀರು ಹಿಡಿದುಕೊಳ್ಳುತ್ತವೆ. ಮುಟ್ಟಾದ ಮೇಲೆ ಇಳಿಯುತ್ತವೆ. ಕೈಗೆ ಗೋಧಿ ಕಾಳು, ತೊಗರಿ ಕಾಳು ಹರಡಿದಂತೆ ಸಣ್ಣ ಸಣ್ಣ ಗಂಟುಗಂಟಾಗಿ ಸಿಗುವುದೂ ಇದೇ ಸಮಯದಲ್ಲಿ. ಇದು ರೋಗವಲ್ಲ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹಾರ್ಮೋನು ಒಂದು ತಿಂಗಳು ಹೀಗೆ, ಇನ್ನೊಂದು ತಿಂಗಳು ಹಾಗೆ ಇರುವುದರಿಂದ ಈ ನೋವು ಜಾಸ್ತಿಯಾಗುವುದೂ ಉಂಟು. ಮುಟ್ಟು ಪೂರ್ತಿ ನಿಂತ ಮೇಲೆ ಇದು ಸಾಮಾನ್ಯವಾಗಿ ತಾನೇ ಹೋಗುತ್ತದೆ. ಹಾಗಾಗಿ ಮುಟ್ಟು ನಿಂತು ವರ್ಷಗಳಾದ ಮೇಲೆ ಹೊಸದಾಗಿ ನೋವು ಬಂದರೆ "ಇದೂ ಅದೇ" ಅಂತ ಬಿಡಬೇಡಿ, ತೋರಿಸಿ.

ನೋವಿನ ಅಂಕಿಗಳಿಗೂ ಮುಟ್ಟಿನ ದಿನಕ್ಕೆ ಸುತ್ತಿದ ಸೊನ್ನೆಗೂ ತಾಳೆಯೇ ಇಲ್ಲ ಅಂದರೆ ಕಾರಣ ಬೇರೆ ಕಡೆ ಇದೆ. ಮುಟ್ಟೇ ಬಂದಿಲ್ಲ, ಸ್ತನ ಮಾತ್ರ ಬಿಗಿದಿದೆ ಅಂದರೆ ಮೊದಲು ಬಸಿರಿನ ಪರೀಕ್ಷೆ ಮಾಡಿ. ಬಸಿರಿನ ಮೊದಲ ಸೂಚನೆಗಳಲ್ಲಿ ಇದೂ ಒಂದು. ಆಶಾ ಕಾರ್ಯಕರ್ತೆಯ ಹತ್ತಿರ "ನಿಶ್ಚಯ್" ಕಿಟ್ ಇರುತ್ತದೆ.

ಮನೆಯಲ್ಲಿ ಸಣ್ಣ ಹುಡುಗಿ ಇದ್ದರೆ ಇದು ತಿಳಿದಿರಲಿ. 8ರಿಂದ 13 ವರ್ಷದೊಳಗೆ ತೊಟ್ಟಿನ ಕೆಳಗೆ ಬಟಾಣಿಯಷ್ಟು ಗಟ್ಟಿ ಗುಂಡಿ ಬಂದು ನೋಯುತ್ತದೆ. ಒಂದು ಕಡೆ ಮೊದಲು ಬಂದು, ಇನ್ನೊಂದು ಕಡೆ ತಿಂಗಳುಗಟ್ಟಲೆ ತಡವಾಗಿ ಬರಬಹುದು. ಅದು ಗಂಟಲ್ಲ, ಸ್ತನ ಮೊಳೆಯುತ್ತಿರುವುದು. ಹಿಚುಕಬಾರದು. ಯಾರಾದರೂ ಕೊಯ್ದು ತೆಗೆಸೋಣ ಅಂದರೆ ಒಪ್ಪಲೇಬಾರದು. ಮೊಗ್ಗು ತೆಗೆದರೆ ಆ ಕಡೆ ಸ್ತನ ಬೆಳೆಯುವುದಿಲ್ಲ.

ಹೆಜ್ಜೆ 3: ಪಕ್ಕೆಲುಬು ಒತ್ತಿ ನೋಡಿ

ಇದು ನನ್ನದೇ ಕಥೆ. ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನ ಆಗಿತ್ತು. ಬಲ ಸ್ತನದ ಒಳಬದಿಗೆ ಚುಚ್ಚು ನೋವು. ಉಸಿರು ಎಳೆದರೆ ನೋವು, ಮಗ್ಗಲು ತಿರುಗಿದರೆ ನೋವು. ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ನಾನು ಆಗಲೇ ಮಗಳ ಮದುವೆ ಯಾರು ಮಾಡುತ್ತಾರೆ ಅಂತೆಲ್ಲ ಯೋಚಿಸಿಬಿಟ್ಟಿದ್ದೆ.

ಸರ್ಜನ್ ಮೇಡಂ ಮೊದಲು ಎರಡೂ ಸ್ತನ, ಎರಡೂ ಕಂಕುಳು ಕೈಯಿಂದ ನೋಡಿದರು. ಆಮೇಲೆ ನನ್ನನ್ನು ಎಡಮಗ್ಗುಲಿಗೆ ಮಲಗಿಸಿದರು. ಬಲ ಸ್ತನ ತನ್ನ ಭಾರಕ್ಕೆ ತಾನೇ ಎಡಕ್ಕೆ ಜಾರಿತು. ಉಳಿದ ಒಳಬದಿಯನ್ನೂ ನನ್ನ ಕೈಯಿಂದಲೇ ಪಕ್ಕಕ್ಕೆ ಸರಿಸಲು ಹೇಳಿ, ಬರಿ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಒತ್ತಿದರು. "ಅಯ್ಯವ್ವ, ಅಲ್ಲೇ" ಅಂದೆ.

"ಹೋದ ವಾರ ಎಷ್ಟು ರೊಟ್ಟಿ ಬಡದ್ರಿ?"

ನಾನು ನಕ್ಕುಬಿಟ್ಟೆ. ಚರಗ ಚೆಲ್ಲೋಕೆ ಹೊಲಕ್ಕೆ ಒಯ್ಯಲು, ಬೀಗರಿಗೆ ಕಳಿಸಲು, ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ ಸೇರಿ ಇನ್ನೂರರ ಮೇಲೆ ಬಡಿದಿದ್ದೆ, ಎರಡು ದಿನದಲ್ಲಿ. ರೊಟ್ಟಿ ಬಡಿಯುವಾಗ ಎದೆಯ ದೊಡ್ಡ ಸ್ನಾಯುವೇ ಕೆಲಸ ಮಾಡೋದು. ಸ್ತನ ಕೂತಿರುವುದೇ ಅದರ ಮೇಲೆ. ಅದು ಎಳೆದುಕೊಂಡರೆ, ಅಥವಾ ಪಕ್ಕೆಲುಬು ಎದೆಮೂಳೆಗೆ ಕೂಡುವ ಮೆದುಮೂಳೆ ಬಾತರೆ, ನೋವು ಸ್ತನದಲ್ಲೇ ಇದ್ದಂತೆ ಅನಿಸುತ್ತದೆ.

ನೀವೂ ಇದನ್ನ ಮನೆಯಲ್ಲಿ ಮಾಡಿ ನೋಡಬಹುದು. ನೋವಿಲ್ಲದ ಮಗ್ಗುಲಿಗೆ ಮಲಗಿ. ನೋಯುವ ಸ್ತನವನ್ನು ಪೂರ್ತಿ ಸರಿಸಿ, ಕೆಳಗಿನ ಎಲುಬನ್ನೇ ಒಂದೊಂದಾಗಿ ಒತ್ತುತ್ತಾ ಹೋಗಿ. ಅದೇ ನೋವು ಎದ್ದರೆ ಹೆಚ್ಚಾಗಿ ಎಲುಬಿನದ್ದೇ. ಇನ್ನೊಂದು ರೀತಿಯೂ ಇದೆ. ಎರಡೂ ಕೈ ಸೊಂಟಕ್ಕೆ ಒತ್ತಿ ಹಿಡಿದು ಎದೆ ಬಿಗಿ ಮಾಡಿ. ಆಗ ನೋವು ಜಾಸ್ತಿ ಆದರೆ ಸ್ನಾಯುವಿನ ಮೇಲೆ ಅನುಮಾನ. ಆದರೆ ಇದು ಸ್ತನ ಪರೀಕ್ಷೆಯ ಬದಲಿಗೆ ಅಲ್ಲ. ನನಗೂ ಅವರು ಮೊದಲು ಸ್ತನ ನೋಡಿದ ಮೇಲೆಯೇ ಎಲುಬಿಗೆ ಬಂದದ್ದು.

ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದು ಹೊರೆ ಹೊತ್ತವರು, ದೂರದಿಂದ ಕೊಡ ಹೊತ್ತವರು, ಶಹಾಬಾದ್ ಕಡೆ ಪರ್ಸಿ ಕಲ್ಲು ಎತ್ತಿದವರು, ಜೋರಾಗಿ ಕೆಮ್ಮಿ ಕೆಮ್ಮಿ ಸುಸ್ತಾದವರು, ಎಲ್ಲರಿಗೂ ಇದು ಆಗಬಹುದು. ಕೆಲವು ವಾರ ಹಿಡಿಯುತ್ತದೆ. ಬಿಸಿ ಶಾಖ, ಆ ಕೈಗೆ ವಿರಾಮ, ಬೇಕಿದ್ದರೆ ನೋವಿನ ಮಾತ್ರೆ. ಕೈಗೆ ವಿರಾಮ ಅಂತ ಬರೆಯೋದು ಸುಲಭ. ನಮ್ಮ ಮನೆಯಲ್ಲಿ ಹದಿನೈದು ದಿನ ಅನ್ನ ಸಾರು ಮಾಡಿದ್ದಕ್ಕೆ ಗಂಡಸರ ಮುಖ ಹೇಗಿತ್ತು ಅಂತ ನಿಮಗೂ ಗೊತ್ತು, ಅಲ್ವಾ? ಎರಡು ವಾರದ ಮೇಲೆ ಕೆಮ್ಮಿದ್ದರೆ ಕಫ ಪರೀಕ್ಷೆ ಬೇರೆಯಾಗಿ ಮಾಡಿಸಿ, ಅದು ಟಿಬಿಗೆ.

ಹೆಜ್ಜೆ 4: ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ

ನಾದಿನಿಯ ಮಾತು ಇಲ್ಲಿಗೆ ಬಂತು. ಅವಳ ಗ್ಯಾಸ್ ಮಾತ್ರೆಯ ಹಿಂದೆ ಎರಡು ಹೆಸರಿದ್ದವು. ಒಂದು ಪ್ಯಾಂಟೊಪ್ರಜೋಲ್, ಇನ್ನೊಂದು ಡೊಂಪೆರಿಡೋನ್. ಎರಡನೆಯದು ವಾಂತಿ, ಹೊಟ್ಟೆ ಉಬ್ಬರಕ್ಕೆ ಕೊಡುವಂಥದ್ದು. ಆದರೆ ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಹಾಲು ಬರಿಸುವ ಹಾರ್ಮೋನು ಅದೇ. ಅವಳಿಗೆ ತಿಂಗಳಿಡೀ ಸ್ತನ ಬಿಗಿತ, ಒತ್ತಿದರೆ ಎರಡೂ ಕಡೆ ಹಾಲಿನಂಥ ಹನಿ. ಕೊನೆಯ ಮಗುವಿಗೆ ಒಂಬತ್ತು ವರ್ಷ. ಅವಳು ಎಷ್ಟು ಹೆದರಿರಬೇಕು ನೋಡಿ. ಶುರುವಿನಲ್ಲಿ ಇದ್ದದ್ದು ಮುಟ್ಟಿನ ಮುಂಚಿನ ನೋವು ಮಾತ್ರ. ಆಮೇಲೆ ಬಂದದ್ದು ಮಾತ್ರೆಯ ಕೊಡುಗೆ. ಮಾತ್ರೆ ಬದಲಿಸಿದ ಮೇಲೆ ಹಾಲು ನಿಂತಿತು, ನೋವು ಮತ್ತೆ ಮುಟ್ಟಿನ ಮುಂಚಿನ ವಾರಕ್ಕೆ ಹಿಂದಿರುಗಿತು.

ಗ್ಯಾಸ್ ಮಾತ್ರೆಯನ್ನು ಅಂಗಡಿಯಲ್ಲಿ ಚಾಕಲೇಟಿನಂತೆ ಕೇಳಿ ತರುತ್ತೇವಲ್ಲ, ಅದಕ್ಕೇ ಇಷ್ಟು ಹೇಳಿದೆ. ಗರ್ಭನಿರೋಧಕ ಮಾತ್ರೆ, ಮುಟ್ಟು ನಿಂತವರ ಹಾರ್ಮೋನ್ ಮಾತ್ರೆ, ಮಕ್ಕಳಾಗಲು ಕೊಡುವ ಹಾರ್ಮೋನು, ಖಿನ್ನತೆಯ ಮತ್ತು ಮಾನಸಿಕ ಕಾಯಿಲೆಯ ಕೆಲವು ಮಾತ್ರೆ, ಬಿಪಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಮೀಥೈಲ್‌ಡೋಪಾ. ಇವುಗಳಿಂದಲೂ ಸ್ತನ ನೋಯಬಹುದು. ಆದರೆ ನೀವೇ ನಿಲ್ಲಿಸಬೇಡಿ. ಬಿಪಿ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ ದಿಢೀರ್ ಅಂತ ಬಿಡುವುದು ಸ್ತನ ನೋವಿಗಿಂತ ದೊಡ್ಡ ಅಪಾಯ. ಸ್ಟ್ರಿಪ್ ತಗೊಂಡು ಹೋಗಿ, ತೋರಿಸಿ ಕೇಳಿ.

ಹೆಜ್ಜೆ 5: ಕುಬಸ, ಬ್ರಾ, ಬೆವರು

ಹೊಲದ ಕೆಲಸದವರು ಮುಂದೆ ಗಂಟು ಹಾಕುವ ಕುಬಸ ಹಾಕುತ್ತಾರೆ. ಗಂಟು ಸ್ತನದ ಕೆಳಗೆ ಒತ್ತಿ ಕಪ್ಪು ಗೆರೆ ಬಿದ್ದಿರುತ್ತದೆ. ಪೇಟೆಯವರದ್ದು ಇನ್ನೊಂದು ಕಷ್ಟ. ಮದುವೆಗೆ ಹೊಲಿಸಿದ ಬ್ಲೌಸು ಐದು ವರ್ಷ ಆದಮೇಲೂ ಹುಕ್ಕು ಎಳೆದು ಹಾಕೋದು. ಬ್ರಾ ಸೈಜು ಹೆರಿಗೆಯ ಮುಂಚಿನದ್ದೇ.

ಅಳತೆ ತಗೊಳ್ಳುವುದು ಹೀಗೆ. ಸ್ತನದ ಕೆಳಗೆ ಎದೆಯ ಸುತ್ತಳತೆ ಒಂದು, ತೊಟ್ಟಿನ ಮೇಲೆ ಇನ್ನೊಂದು. ಭಾರ ಹೊರಬೇಕಾದ್ದು ಕೆಳಗಿನ ಪಟ್ಟಿ, ಹೆಗಲಿನ ಪಟ್ಟಿ ಅಲ್ಲ. ಕೆಳಗಿನ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಹೆಗಲಲ್ಲಿ ಗುಂಡಿ ಬಿದ್ದಿದ್ದರೆ ಅದು ನಿಮ್ಮ ಅಳತೆಯದ್ದಲ್ಲ. ಸ್ತನ ದೊಡ್ಡದಿರುವವರಿಗೆ ಕುತ್ತಿಗೆ, ಹೆಗಲು, ಸ್ತನ ಮೂರೂ ನೋಯುವುದಕ್ಕೆ ಇದೇ ಕಾರಣ ಇರಬಹುದು. ನೋವಿನ ವಾರದಲ್ಲಿ ರಾತ್ರಿಯೂ ಮೆತ್ತನೆಯ, ತಂತಿ ಇಲ್ಲದ ಬ್ರಾ ಹಾಕಿ ಮಲಗಿದರೆ ಹಲವರಿಗೆ ಆರಾಮ ಸಿಗುತ್ತದೆ.

ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ, ಸೀಳಿ, ಫಂಗಸ್ ಹಿಡಿಯುತ್ತದೆ. ತೊಳೆದು, ಒರೆಸಿ, ಒಣಗಿಸಿ, ಹತ್ತಿ ಬಟ್ಟೆ ಹಾಕಿ. ತುರಿಕೆ ಜಾಸ್ತಿ ಇದ್ದರೆ ಫಂಗಸ್ ಮುಲಾಮು ಡಾಕ್ಟರ್ ಕೇಳಿ ಹಚ್ಚಿ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಬೇಡ. ಮೊದಲು ಕಡಿಮೆ ಆದಂತೆ ಕಂಡು ಆಮೇಲೆ ಇನ್ನೂ ಹರಡುತ್ತದೆ.

ಬಾಣಂತಿಯ ನೋವೇ ಬೇರೆ

ಹಾಲುಣಿಸುವವರು ಮೇಲಿನ ಹೆಜ್ಜೆಗಳನ್ನು ಬಿಟ್ಟು ನೇರ ಇಲ್ಲಿಗೆ ಬರಬೇಕು, ಯಾಕೆಂದರೆ ಇಲ್ಲಿ ಒಂದು ದಿನ ತಡ ಆದರೂ ತೊಂದರೆ.

ಹೆರಿಗೆಯಾಗಿ ಮೂರರಿಂದ ಐದನೇ ದಿನಕ್ಕೆ ಹಾಲು ತುಂಬಿ ಎರಡೂ ಸ್ತನ ಕಲ್ಲಿನಂತಾಗುತ್ತವೆ. ಇದು ಹಾಲು ಕಟ್ಟಿದ್ದು. ಮಗು ಕೇಳಿದಾಗೆಲ್ಲ, ರಾತ್ರಿಯೂ, ಕುಡಿಸಬೇಕು. ತೊಟ್ಟು ಗಟ್ಟಿಯಾಗಿ ಮಗುವಿನ ಬಾಯಿಗೆ ಸಿಗದಿದ್ದರೆ ಕೈಯಿಂದ ಸ್ವಲ್ಪ ಹಿಂಡಿ ಮೆತ್ತಗೆ ಮಾಡಿ ಕೊಡಿ. ತೊಟ್ಟು ಸೀಳಿದ್ದರೆ ಮಗು ಹಿಡಿಯುವ ರೀತಿಯಲ್ಲಿ ತಪ್ಪಿದೆ. ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗದ್ದ ಸ್ತನಕ್ಕೆ ತಾಗಬೇಕು, ಕೆಳತುಟಿ ಹೊರಗೆ ಮಡಚಿರಬೇಕು.

ಒಂದೇ ಕಡೆ, ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಜೊತೆಗೆ ಚಳಿಜ್ವರ, ಮೈಕೈ ನೋವು ಬಂದರೆ ಅದು ಸ್ತನದ ಉರಿಯೂತ, ಮ್ಯಾಸ್ಟೈಟಿಸ್. ನಮ್ಮ ಹಿರಿಯರು ಇದಕ್ಕೆ "ಹಾಲಿಗಿ ದೃಷ್ಟಿ ಆಗ್ಯಾದ" ಅಂತ ಉಪ್ಪು ಮೆಣಸಿನಕಾಯಿ ಇಳಿ ತೆಗೆಯುತ್ತಾರೆ. ಇಳಿ ತೆಗೆದರೆ ನಷ್ಟವೇನಿಲ್ಲ. ನಷ್ಟ ಆಗುವುದು ಆಮೇಲಿನ ಮೂರು ಕೆಲಸದಿಂದ: ಮಗುವಿಗೆ ಆ ಕಡೆ ಹಾಲು ಬಿಡಿಸುವುದು, ಗಟ್ಟಿ ಜಾಗವನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು, ಸುಡುವ ಶಾಖ ಕೊಡುವುದು. ಜೋರಾಗಿ ತಿಕ್ಕಿದರೆ ಒಳಗಿನ ಊತ ಇನ್ನೂ ಹೆಚ್ಚುತ್ತದೆ. ಈಗಿನ ಸಲಹೆ ಇದು. ಕುಡಿಸುತ್ತಲೇ ಇರಿ, ಆ ಹಾಲು ಮಗುವಿಗೆ ಕೆಟ್ಟದ್ದಲ್ಲ. ಹಾಲು ಖಾಲಿ ಮಾಡಬೇಕು ಅಂತ ಮಿತಿಮೀರಿ ಹಿಂಡಲೂ ಬೇಡಿ. ಕುಡಿಸಿದ ಮೇಲೆ ತಣ್ಣನೆ ಒದ್ದೆ ಬಟ್ಟೆ ಹಾಕಿ. "ಬಾಣಂತಿಗೆ ತಂಪು ತಾಗಬಾರದು" ಅಂತ ಅತ್ತೆ ಹೇಳುತ್ತಾರೆ, ಗೊತ್ತು. ಹೊರಸಿನ ಕೆಳಗೆ ಕೆಂಡ ಇಡುವ ಮನೆಯಲ್ಲಿ ಸ್ತನದ ಮೇಲೆ ತಣ್ಣೀರು ಬಟ್ಟೆ ಹಾಕೋಕೆ ಧೈರ್ಯ ಬೇಕು. ಆಶಾ ಅಥವಾ ನರ್ಸ್ ಬಾಯಿಂದ ಹೇಳಿಸಿ, ಕೆಲಸ ಸುಲಭ.

ಜ್ವರ, ಕೆಂಪು 24 ಗಂಟೆಯಲ್ಲಿ ಇಳಿಯಲಿಲ್ಲ, ಅಥವಾ ಬಾಣಂತಿ ತೀರಾ ಸುಸ್ತಾಗಿದ್ದಾಳೆ ಅಂದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಆ್ಯಂಟಿಬಯಾಟಿಕ್ ಕೊಟ್ಟರೆ ಎರಡು ದಿನಕ್ಕೆ ಆರಾಮ ಅನಿಸಿದರೂ ಪೂರ್ತಿ ಕೋರ್ಸ್ ಮುಗಿಸಿ. ಮೆತ್ತಗೆ ಕೀವು ತುಂಬಿದ ಗಂಟು ಆಗಿದ್ದರೆ ಅದು ಬಾವು. ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಕೀವು ತೆಗೆಯುತ್ತಾರೆ, ದೊಡ್ಡದಿದ್ದರೆ ಸಣ್ಣ ಕೊಯ್ತ ಬೇಕಾಗಬಹುದು. ಮನೆಯಲ್ಲಿ ಒಡೆಯಬೇಡಿ. ಮಾಯದೇ ಮತ್ತೆ ಮತ್ತೆ ಸೋರುವ ಬಾವು ಇದ್ದರೆ ಟಿಬಿಯನ್ನೂ ನೋಡಬೇಕಾಗುತ್ತದೆ. ಹಾಲುಣಿಸದೇ ಇರುವ ಹೆಂಗಸಿಗೆ ಸ್ತನ ಕೆಂಪಾಗಿ ಬಾತರೆ ಒಂದು ಕೋರ್ಸ್ ಮಾತ್ರೆಗೆ ಸುಮ್ಮನಾಗಬಾರದು. ಪೂರ್ತಿ ಹೋಗುವವರೆಗೂ ತೋರಿಸುತ್ತಲೇ ಇರಬೇಕು, ಯಾಕೆಂದರೆ ಒಂದು ಬಗೆಯ ಕ್ಯಾನ್ಸರ್ ಹೀಗೇ ಕಾಣುತ್ತದೆ.

ಹೆಜ್ಜೆ 6: ಮನೆಯಲ್ಲಿ ಏನು ಮಾಡಬಹುದು

ಡಾಕ್ಟರ್ ನೋಡಿ "ಏನೂ ಇಲ್ಲ" ಅಂದ ಮೇಲಿನ ಮಾತು ಇದು. ಆ ಮಾತು ಕೇಳಿದ ಕೂಡಲೇ ಅರ್ಧ ನೋವು ಹೋಗುವವರೇ ಜಾಸ್ತಿ. ಉಳಿದ ಅರ್ಧಕ್ಕೆ ಸರಿಯಾದ ಬ್ರಾ, ನೋವಿನ ದಿನಗಳಲ್ಲಿ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಮಾತ್ರೆಗಳ ನಡುವೆ ಆರು ಗಂಟೆ ಅಂತರ. ಡೈಕ್ಲೋಫೆನಾಕ್ ಜೆಲ್ ನೋಯುವ ಜಾಗಕ್ಕೆ ತೆಳ್ಳಗೆ ಹಚ್ಚಿದರೆ ಒಳ್ಳೆ ಗುಣ ಕಾಣುತ್ತದೆ. ತೊಟ್ಟಿಗೆ, ಸೀಳಿದ ಚರ್ಮಕ್ಕೆ ಬೇಡ. ಬಸುರಿಯರು, ಹಾಲುಣಿಸುವವರು ಕೇಳದೆ ಹಚ್ಚಬಾರದು. ಐಬುಪ್ರೊಫೆನ್‌ನಂಥ ಮಾತ್ರೆ ಅಲ್ಸರ್, ಕಿಡ್ನಿ ತೊಂದರೆ, ಬಸಿರು ಇದ್ದವರಿಗೆ ಆಗುವುದಿಲ್ಲ.

ಚಹಾ ಬಿಟ್ಟರೆ ಹೋಗುತ್ತಾ? ಗಟ್ಟಿ ಪುರಾವೆ ಇಲ್ಲ. ಒಂದು ತಿಂಗಳು ಕಡಿಮೆ ಮಾಡಿ ಕ್ಯಾಲೆಂಡರ್ ನೋಡಿ, ಅಂಕಿ ಇಳಿಯದಿದ್ದರೆ ಆರಾಮಾಗಿ ಕುಡಿಯಿರಿ. ವಿಟಮಿನ್ ಇ, ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್ ಬಹಳ ಬರೆಯುತ್ತಾರೆ. ದುಡ್ಡಿಗೆ ತಕ್ಕ ಗುಣ ಪರೀಕ್ಷೆಗಳಲ್ಲಿ ಕಂಡಿಲ್ಲ, ನನ್ನ ಮಟ್ಟಿಗೆ ಆ ದುಡ್ಡಲ್ಲಿ ಎರಡು ಒಳ್ಳೆ ಬ್ರಾ ಬರುತ್ತವೆ. ತಿಂಗಳುಗಟ್ಟಲೆ ನಿದ್ದೆಗೆಡಿಸುವ ನೋವಿಗೆ ಡಾಕ್ಟರ್ ಸೆಂಟ್‌ಕ್ರೋಮನ್ ಅಥವಾ ಟ್ಯಾಮೊಕ್ಸಿಫೆನ್ ಕೊಡಬಹುದು. ಸೆಂಟ್‌ಕ್ರೋಮನ್ ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ "ಛಾಯಾ" ಹೆಸರಲ್ಲಿ ಕೊಡುವ ಗರ್ಭನಿರೋಧಕ ಮಾತ್ರೆಯೇ. ಮನೆಯಲ್ಲಿ ಬಿದ್ದಿದೆ ಅಂತ ನೀವೇ ಶುರು ಮಾಡಬೇಡಿ, ಅದು ಮುಟ್ಟನ್ನು ಮುಂದೆ ತಳ್ಳುತ್ತದೆ.

ಹೆಜ್ಜೆ 7: ದವಾಖಾನೆಯಲ್ಲಿ ಯಾವ ಸಾಲು, ಏನು ಮಾತು

ಸ್ತನದ ತೊಂದರೆಗೆ ನಾವೆಲ್ಲ ಹೆರಿಗೆ ಡಾಕ್ಟರ ಸಾಲಲ್ಲಿ ನಿಲ್ಲುತ್ತೇವೆ. ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನ ನೋಡುವುದು ಸಾಮಾನ್ಯವಾಗಿ ಸರ್ಜರಿ ವಿಭಾಗ. ಸರ್ಜರಿ ಅಂದರೆ ಕೊಯ್ಯುತ್ತಾರೆ ಅಂತಲ್ಲ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಚೀಟಿ ಮಾಡಿಸುವಾಗಲೇ "ಸ್ತನದ ತೊಂದರೆ" ಅಂದರೆ ಸರಿಯಾದ ಕೋಣೆ ನಂಬರ್ ಬರೆಯುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೂ ಶುರು ಮಾಡಬಹುದು. 30 ದಾಟಿದವರಿಗೆ ಬಿಪಿ, ಸಕ್ಕರೆ ಜೊತೆ ಸ್ತನ ಪರೀಕ್ಷೆಯೂ ಸರ್ಕಾರದ ತಪಾಸಣೆಯಲ್ಲಿ ಸೇರಿದೆ. ಕ್ಯಾನ್ಸರ್ ಅನುಮಾನ ಬಂದರೆ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಆಧಾರ್, ಬಿಪಿಎಲ್ ಕಾರ್ಡ್ ಜೊತೆಗಿರಲಿ. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ 104ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ಲೇಡಿ ಡಾಕ್ಟರ್ ಬೇಕು ಅಂತ ಕೇಳಿ. ಇಲ್ಲದಿದ್ದರೆ ಪರೀಕ್ಷೆಯ ಹೊತ್ತಿಗೆ ನರ್ಸ್ ಅಥವಾ ನಿಮ್ಮ ಜೊತೆಗಿನ ಹೆಂಗಸು ಒಳಗಿರಲಿ ಅಂತ ಹೇಳಿ. ಅದು ನಿಮ್ಮ ಹಕ್ಕು. ಗಂಡಸರನ್ನ ಹೊರಗೆ ಕೂರಿಸಿ.

ಗಂಟು ಇದ್ದರೆ ಮೂರು ಹಂತ: ಕೈಯಿಂದ ಪರೀಕ್ಷೆ, ಸ್ಕ್ಯಾನ್, ಬೇಕಾದರೆ ಸೂಜಿ ಪರೀಕ್ಷೆ. ವಯಸ್ಸು 30ರ ಒಳಗಿದ್ದರೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್, 40 ದಾಟಿದ್ದರೆ ಮ್ಯಾಮೊಗ್ರಾಂ ಜೊತೆ ಅಲ್ಟ್ರಾಸೌಂಡ್. ಮ್ಯಾಮೊಗ್ರಾಂನಲ್ಲಿ ಸ್ತನವನ್ನು ಎರಡು ಪ್ಲೇಟ್ ನಡುವೆ ಕೆಲವು ಸೆಕೆಂಡ್ ಅದುಮುತ್ತಾರೆ. ಮುಟ್ಟು ಮುಗಿದ ವಾರದಲ್ಲಿ ಹೋದರೆ ನೋವು ಕಡಿಮೆ. ಅವತ್ತು ಕಂಕುಳಿಗೆ ಪೌಡರ್, ಸೆಂಟು ಬೇಡ, ಚಿತ್ರದಲ್ಲಿ ಚುಕ್ಕೆಯಂತೆ ಕಾಣಬಹುದು. ನೀರುಗುಳ್ಳೆ ಇದ್ದು ನೋಯುತ್ತಿದ್ದರೆ ಸೂಜಿಯಿಂದ ನೀರು ಎಳೆದ ಕೂಡಲೇ ಹಗುರ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ಹೆದರಿಸುವವರು ಬಸ್‌ಸ್ಟ್ಯಾಂಡಿನಿಂದ ಹಿಡಿದು ಆಸ್ಪತ್ರೆ ಬೆಂಚಿನವರೆಗೂ ಸಿಗುತ್ತಾರೆ. ಅವರ ಮಾತು ಕೇಳಿ ಪರೀಕ್ಷೆ ಬಿಟ್ಟು ಬರಬೇಡಿ.

ಡಾಕ್ಟರ್ ಮುಂದೆ ಹೇಳಬೇಕಾದ್ದು ಇಷ್ಟು, ಹೋಗುವ ದಾರಿಯಲ್ಲೇ ಒಂದು ಸಲ ಬಾಯಲ್ಲಿ ಅಂದುಕೊಳ್ಳಿ: "ನೋವು ಎದೆ ಒಳಗಲ್ಲ, ಸ್ತನದಲ್ಲಿ. ಇಂಥ ಕಡೆ. ಇಷ್ಟು ತಿಂಗಳಿಂದ. ಮುಟ್ಟಿಗೆ ಮುಂಚೆ ಜಾಸ್ತಿ ಅಥವಾ ಯಾವಾಗಲೂ. ಗಂಟು ಇದೆ ಅಥವಾ ಇಲ್ಲ. ಈ ಮಾತ್ರೆ ತಗೊಳ್ಳುತ್ತಿದ್ದೇನೆ. ಅಮ್ಮನಿಗೆ, ಅಕ್ಕನಿಗೆ ಸ್ತನದ್ದೋ ಅಂಡಾಶಯದ್ದೋ ಕ್ಯಾನ್ಸರ್ ಆಗಿತ್ತು ಅಥವಾ ಇಲ್ಲ."

ನಾದಿನಿಗೆ ಎರಡನೇ ಸಲ ಹೋದಾಗ ಇದನ್ನೂ ಹೇಳೋಕೆ ಆಗಲಿಲ್ಲ. ಗಂಟಲು ಕಟ್ಟಿತು. ಪರ್ಸಿನಿಂದ ಮೂರು ತಿಂಗಳ ಕ್ಯಾಲೆಂಡರ್ ಹಾಳೆ ಮತ್ತು ಖಾಲಿ ಸ್ಟ್ರಿಪ್ ತೆಗೆದು ಟೇಬಲ್ ಮೇಲೆ ಇಟ್ಟಳು. ಡಾಕ್ಟರ್ ಸೊನ್ನೆಗಳ ಮೇಲೆ ಪೆನ್ನು ಓಡಿಸಿದರು, ಸ್ಟ್ರಿಪ್ ತಿರುಗಿಸಿ ಓದಿದರು, ಆಮೇಲೆ ತಲೆಯೆತ್ತಿ "ಇದು ಗೊತ್ತಾತು. ಈ 'ಸಿ' ಅಂದ್ರ ಏನು?" ಅಂತ ಕೇಳಿದರು.